ಎಂಜಿನಿಯರಿಂಗೋ, ಎಂಜಿನಿಯರಿಂಗ್ ಟೆಕ್ನಾಲಜಿಯೋ: ಅಮೆರಿಕದ ಎರಡು ಪದವಿಗಳನ್ನು ಅರಿತು ಆರಿಸುವುದು

ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿ ಏಪ್ರಿಲ್ ತಿಂಗಳ ಒಂದು ರಾತ್ರಿ ಕರೆ ಮಾಡಿದಳು. ಅವಳ ಮಗಳಿಗೆ ಎರಡು ವಿಶ್ವವಿದ್ಯಾಲಯಗಳಿಂದ ಪ್ರವೇಶ ಪತ್ರ ಬಂದಿತ್ತು. ಒಂದರಲ್ಲಿ ‘ಮೆಕ್ಯಾನಿಕಲ್ ಎಂಜಿನಿಯರಿಂಗ್’ ಎಂದಿತ್ತು, ಇನ್ನೊಂದರಲ್ಲಿ ‘ಮೆಕ್ಯಾನಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿ’. ಎರಡನೆಯ ಕಡೆ ವಿದ್ಯಾರ್ಥಿವೇತನವೂ ಇತ್ತು. ಮೇ 1ರೊಳಗೆ ಯಾವುದಾದರೂ ಒಂದಕ್ಕೆ ಮುಂಗಡ ಕಟ್ಟಬೇಕು. “ಅಣ್ಣ, ನೀನು ಓದಿದ್ದೂ ಬಿ.ಟೆಕ್ ಅಲ್ಲವೇ? ಅದರಲ್ಲಿಯೂ ಟೆಕ್ನಾಲಜಿ ಎಂದೇ ಇದೆ. ಹಾಗಾದರೆ ಎರಡೂ ಒಂದೇ ತಾನೆ?” ಎಂದು ಕೇಳಿದಳು.

ಒಂದೇ ಅಲ್ಲ. ಎರಡೂ ನಾಲ್ಕು ವರ್ಷದ ಪದವಿಗಳು, ಎರಡೂ ಗೌರವದ ಓದು, ಎರಡರಿಂದಲೂ ಒಳ್ಳೆಯ ಕೆಲಸ ಸಿಗುತ್ತದೆ. ಆದರೆ ಕಲಿಸುವ ಗಣಿತ ಬೇರೆ, ಕಲಿಸುವ ಬಗೆ ಬೇರೆ, ಮುಂದೆ ತೆರೆಯುವ ಕೆಲವು ಬಾಗಿಲುಗಳೂ ಬೇರೆ. ಅಮೆರಿಕದ ಕನ್ನಡ ಮನೆಗಳಲ್ಲಿ ಹೈಸ್ಕೂಲು ಮುಗಿಸುವ ಮಕ್ಕಳಿಗೂ, ಪಿಯುಸಿ ಮುಗಿಸಿ ಇಲ್ಲಿಂದ ನೇರವಾಗಿ ಅಲ್ಲಿಗೆ ಹೊರಡುವವರಿಗೂ ಈ ವ್ಯತ್ಯಾಸ ಮೊದಲೇ ಗೊತ್ತಿರಬೇಕು. ಮೂರನೆಯ ವರ್ಷದಲ್ಲಿ ಗೊತ್ತಾದರೆ ಸರಿಪಡಿಸುವುದು ದುಬಾರಿ.

ನಮ್ಮ ಬಿ.ಟೆಕ್ ಬೇರೆ, ಅವರ ಟೆಕ್ನಾಲಜಿ ಬೇರೆ

ಗೊಂದಲದ ಬೇರು ಪದದಲ್ಲಿದೆ. ಭಾರತದಲ್ಲಿ ಬಿ.ಇ. ಮತ್ತು ಬಿ.ಟೆಕ್ ನಡುವೆ ವ್ಯತ್ಯಾಸ ಇರುವುದು ಹೆಸರಿನಲ್ಲಿ ಮಾತ್ರ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದಿದ ಬಹುಪಾಲು ಜನರ ಕೈಯಲ್ಲಿ ಬಿ.ಇ. ಇದೆ. ಸುರತ್ಕಲ್ಲಿನ ಕೆಆರ್‌ಇಸಿಯಲ್ಲಿ ಓದಿದ ಹಳಬರದ್ದೂ ಬಿ.ಇ.ಯೇ, ಅದೇ ಸಂಸ್ಥೆ 2002ರಲ್ಲಿ ಎನ್‌ಐಟಿಕೆ ಆದ ಮೇಲೆ ಓದಿದವರದ್ದು ಬಿ.ಟೆಕ್. ಕಟ್ಟಡ ಅದೇ, ಕಡಲತೀರ ಅದೇ, ಓದಿನ ಸ್ವರೂಪವೂ ಅದೇ. ಉದ್ಯೋಗ ಪ್ರಕಟಣೆಗಳಲ್ಲಿ ‘ಬಿ.ಇ./ಬಿ.ಟೆಕ್’ ಎಂದು ಒಟ್ಟಿಗೇ ಬರೆಯುವುದು ಈ ಕಾರಣಕ್ಕೆ. ಹೆಸರಿನ ವಿಚಾರಕ್ಕೆ ಬಂದರೆ, ಕನ್ನಂಬಾಡಿ ಕಟ್ಟೆಯ ಹೆಸರಿನೊಡನೆ ನಾವು ನೆನೆಯುವ ವಿಶ್ವೇಶ್ವರಯ್ಯನವರ ಬಳಿ ಇವೆರಡೂ ಇರಲಿಲ್ಲ. ಅವರು 1883ರಲ್ಲಿ ಪುಣೆಯಲ್ಲಿ ಪಡೆದದ್ದು ಎಲ್‌ಸಿಇ, ಅಂದರೆ ಸಿವಿಲ್ ಎಂಜಿನಿಯರಿಂಗ್‌ನ ಲೈಸೆನ್ಷಿಯೇಟ್.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ‘ಎಂಜಿನಿಯರಿಂಗ್’ ಎಂಬ ಪದದ ಮುಂದೆ ‘ಟೆಕ್ನಾಲಜಿ’ ಸೇರಿದರೆ ಅದು ಬೇರೆ ಪಠ್ಯಕ್ರಮ, ಬೇರೆ ಮಾನ್ಯತೆ. ಆದ್ದರಿಂದ ಭಾರತದ ಬಿ.ಟೆಕ್ ಅಮೆರಿಕದ ‘ಎಂಜಿನಿಯರಿಂಗ್’ ಪದವಿಯ ಸಾಲಿಗೆ ಸೇರುತ್ತದೆಯೇ ಹೊರತು ‘ಎಂಜಿನಿಯರಿಂಗ್ ಟೆಕ್ನಾಲಜಿ’ಯ ಸಾಲಿಗಲ್ಲ. ಎಂ.ಎಸ್. ಓದಲು ಅರ್ಜಿ ಹಾಕುವ ನಮ್ಮ ಹುಡುಗರು ಈ ಬಗ್ಗೆ ಆತಂಕಪಡಬೇಕಾಗಿಲ್ಲ.

ಕೊಳವೆಬಾವಿಯ ಸುತ್ತ ಮೂವರು

ವ್ಯತ್ಯಾಸವನ್ನು ಕಣ್ಣಿಗೆ ಕಟ್ಟಿಕೊಳ್ಳಲು ಒಂದು ಕೊಳವೆಬಾವಿಯ ಬಳಿ ಹೋಗೋಣ. ಕೋಲಾರದ ಕಡೆ ಸಾವಿರ ಅಡಿ ಕೊರೆಸಿದ ಬಾವಿ ಎಂದಿಟ್ಟುಕೊಳ್ಳಿ. ಒಳಗೆ ಇಳಿಬಿಟ್ಟ ಪಂಪ್‌ಸೆಟ್ ಕೆಟ್ಟಿದೆ.

ಮೊದಲು ಬರುವವನು ಪಂಪ್ ಮೇಲೆತ್ತಿ, ಮೋಟಾರ್ ಬಿಚ್ಚಿ, ಸುಟ್ಟ ಕಾಯಿಲ್ ತೆಗೆದು ಹೊಸದಾಗಿ ಸುತ್ತುವವನು. ಅವನ ಕೈಗೆ ಕಣ್ಣಿದೆ. ಇವನು ಟೆಕ್ನಿಷಿಯನ್.

ಎರಡನೆಯವನು ಕೇಳುವ ಪ್ರಶ್ನೆಗಳು ಬೇರೆ. ನೀರು ಎಷ್ಟು ಅಡಿಯಲ್ಲಿ ನಿಂತಿದೆ? ಎಷ್ಟು ಇಂಚು ನೀರು ಬರುತ್ತದೆ? ಈ ಊರಿನಲ್ಲಿ ರಾತ್ರಿ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ? ಪಂಪ್ ಕಂಪನಿ ಕೊಟ್ಟ ರೇಖಾಚಿತ್ರವನ್ನು ಮುಂದಿಟ್ಟುಕೊಂಡು, ಇಷ್ಟು ಆಳಕ್ಕೆ ಇಷ್ಟು ಹಂತಗಳ ಪಂಪ್, ಇಷ್ಟು ಎಚ್‌ಪಿ ಮೋಟಾರ್, ಇಷ್ಟು ದಪ್ಪದ ಕೇಬಲ್ ಎಂದು ಲೆಕ್ಕ ಹಾಕುತ್ತಾನೆ. ಅಳವಡಿಸಿ, ಓಡಿಸಿ, ಅಳೆದು, ತಪ್ಪಿದ್ದರೆ ತಿದ್ದುತ್ತಾನೆ. ಎಂಜಿನಿಯರಿಂಗ್ ಟೆಕ್ನಾಲಜಿ ಪದವಿ ಮುಖ್ಯವಾಗಿ ತಯಾರು ಮಾಡುವುದು ಇಂಥವನನ್ನು. ಅಲ್ಲಿನ ಭಾಷೆಯಲ್ಲಿ ಇವನು ಟೆಕ್ನಾಲಜಿಸ್ಟ್.

ಮೂರನೆಯವನು ಬಾವಿಯ ಬಳಿ ಇಲ್ಲ. ಎರಡನೆಯವನು ನೋಡಿದ ಆ ರೇಖಾಚಿತ್ರ ಹುಟ್ಟಿದ್ದು ಇವನ ಮೇಜಿನಲ್ಲಿ. ಪಂಪಿನೊಳಗೆ ತಿರುಗುವ ಚಕ್ರದ ಅಲಗು ಎಷ್ಟು ಬಾಗಿದ್ದರೆ ನೀರು ಕಡಿಮೆ ವಿದ್ಯುತ್ತಿನಲ್ಲಿ ಮೇಲೇರುತ್ತದೆ, ಮರಳು ಬೆರೆತ ನೀರಿನಲ್ಲಿ ಆ ಅಲಗು ಹೇಗೆ ಸವೆಯುತ್ತದೆ, ಈವರೆಗೆ ಯಾರೂ ಮಾಡದ ಆಳಕ್ಕೆ ಪಂಪ್ ಮಾಡಬೇಕಾದರೆ ಯಾವ ಸಮೀಕರಣದಿಂದ ಹೊರಡಬೇಕು ಎಂಬುದು ಇವನ ಕೆಲಸ. ಎಂಜಿನಿಯರಿಂಗ್ ಪದವಿಯ ಓದು ಈ ಮೂರನೆಯವನನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು.

ಈ ಚಿತ್ರವನ್ನು ತೀರಾ ಬಿಗಿಯಾಗಿ ಹಿಡಿಯಬೇಡಿ. ನಿಜವಾದ ಕಾರ್ಖಾನೆಯಲ್ಲಿ ಎರಡನೆಯವರು ಮತ್ತು ಮೂರನೆಯವರು ಒಂದೇ ಕೋಣೆಯಲ್ಲಿ ಕೂರುತ್ತಾರೆ, ಅನೇಕ ಸಲ ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡುತ್ತಾರೆ. ಎಂಜಿನಿಯರಿಂಗ್ ಪದವಿ ಪಡೆದ ಬಹಳ ಮಂದಿ ಜೀವನದುದ್ದಕ್ಕೂ ಎರಡನೆಯವನ ಕೆಲಸವನ್ನೇ ಮಾಡಿಕೊಂಡು ಸಂತೋಷವಾಗಿರುತ್ತಾರೆ.

ದಾರಿ ಕವಲೊಡೆದದ್ದು ಹೇಗೆ

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಅಮೆರಿಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೈಕೆಲಸ ಬಹಳವಿತ್ತು. ಹುಡುಗರು ಲೇತ್ ಓಡಿಸುತ್ತಿದ್ದರು, ಎರಕ ಹೊಯ್ಯುತ್ತಿದ್ದರು, ಗಂಟೆಗಟ್ಟಲೆ ನಕ್ಷೆ ಬರೆಯುತ್ತಿದ್ದರು, ಸರಪಳಿ ಹಿಡಿದು ಸರ್ವೆಗೆ ಹೋಗುತ್ತಿದ್ದರು. ಯುದ್ಧದ ಸಮಯದಲ್ಲಿ ರೇಡಾರ್, ಪರಮಾಣು ಶಕ್ತಿಯಂಥ ಹೊಸ ವಿಷಯಗಳು ಬಂದಾಗ ಅವುಗಳಲ್ಲಿ ಮುಂದಾಳುತನ ಬಹುಮಟ್ಟಿಗೆ ಭೌತವಿಜ್ಞಾನಿಗಳ ಪಾಲಾಯಿತು. ಎಂಜಿನಿಯರುಗಳಿಗೆ ಮೂಲವಿಜ್ಞಾನದ ಬಲ ಸಾಲದು ಎಂಬ ಅರಿವು ಕಾಲೇಜುಗಳನ್ನು ತಟ್ಟಿತು.

ಅಮೆರಿಕದ ಎಂಜಿನಿಯರಿಂಗ್ ಶಿಕ್ಷಣ ಸಂಘ ನೇಮಿಸಿದ ಒಂದು ಸಮಿತಿ 1955ರಲ್ಲಿ ವರದಿ ಕೊಟ್ಟಿತು. ಅಧ್ಯಕ್ಷರ ಹೆಸರಿನಿಂದ ಅದನ್ನು ಗ್ರಿಂಟರ್ ವರದಿ ಎನ್ನುತ್ತಾರೆ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಹೆಚ್ಚಲಿ; ಬಲವಿಜ್ಞಾನ, ಉಷ್ಣಗತಿವಿಜ್ಞಾನದಂಥ ವಿಷಯಗಳು ಎಂಜಿನಿಯರಿಂಗಿನ ತಳಹದಿಯಾಗಲಿ ಎಂಬುದು ಅದರ ಒತ್ತು. ಎರಡು ವರ್ಷಗಳ ನಂತರ, 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಅಮೆರಿಕ ಸರ್ಕಾರ ಸಂಶೋಧನೆಗೆ ಹಣ ಸುರಿಯತೊಡಗಿತು; ಕಾಲೇಜುಗಳು ವಿಜ್ಞಾನದ ಕಡೆಗೆ ಇನ್ನಷ್ಟು ವಾಲಿದವು.

ಆದರೆ ಲೇತ್ ಇದ್ದ ಜಾಗದಲ್ಲಿ ಅವಕಲ ಸಮೀಕರಣ (ಡಿಫರೆನ್ಷಿಯಲ್ ಈಕ್ವೇಶನ್) ಬಂದ ಮಾತ್ರಕ್ಕೆ ಕಾರ್ಖಾನೆಗಳ ಅಗತ್ಯ ಮಾಯವಾಗಲಿಲ್ಲ. ವಿನ್ಯಾಸವನ್ನು ವಸ್ತುವಾಗಿಸುವವರು ಬೇಕೇ ಬೇಕಿತ್ತು. ಎರಡು ವರ್ಷದ ತಾಂತ್ರಿಕ ಸಂಸ್ಥೆಗಳಲ್ಲಿ ನಮ್ಮ ಪಾಲಿಟೆಕ್ನಿಕ್ ಬಗೆಯ ಕಲಿಕೆ ಆಗಲೇ ನಡೆಯುತ್ತಿತ್ತು. ಅದನ್ನೇ ಹಿಗ್ಗಿಸಿ 1960ರ ದಶಕದಲ್ಲಿ ನಾಲ್ಕು ವರ್ಷದ ಎಂಜಿನಿಯರಿಂಗ್ ಟೆಕ್ನಾಲಜಿ ಪದವಿಯನ್ನು ಕಟ್ಟಿದರು. ಎಂಜಿನಿಯರಿಂಗ್ ತಾನು ಬಿಟ್ಟು ಬಂದ ಮನೆಯಲ್ಲಿ ಇನ್ನೊಂದು ಸಂಸಾರ ಬೆಳೆದ ಹಾಗೆ ಇದು. ಈ ಇತಿಹಾಸ ತಿಳಿದರೆ, ಟೆಕ್ನಾಲಜಿ ಪದವಿ ಎಂಜಿನಿಯರಿಂಗ್ ಸಿಗದವರಿಗಾಗಿ ಇಟ್ಟ ಸಮಾಧಾನದ ಬಹುಮಾನ ಎಂಬ ಮಾತು ತಪ್ಪೆಂದು ಗೊತ್ತಾಗುತ್ತದೆ.

ಒಂದೇ ತೊಲೆ, ಎರಡು ಪಾಠ

ಎರಡು ತರಗತಿಗಳ ಒಳಗೆ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ನನ್ನ ಪ್ರಕಾರ ಆಯ್ಕೆಯ ಜೀವ ಇರುವುದು ಇಲ್ಲಿಯೇ.

ಎರಡು ಗೋಡೆಗಳ ಮೇಲೆ ಇಟ್ಟ ಒಂದು ತೊಲೆ. ನಟ್ಟನಡುವೆ ಒಂದು ಭಾರ ತೂಗುಬಿಟ್ಟಿದೆ. ತೊಲೆ ಎಷ್ಟು ಬಾಗುತ್ತದೆ? ಇದಕ್ಕೊಂದು ಹೆಸರಾಂತ ಸೂತ್ರವಿದೆ. ಭಾರವನ್ನು ತೊಲೆಯ ಉದ್ದದ ಘನದಿಂದ ಗುಣಿಸಿ, ತೊಲೆಯ ವಸ್ತು ಮತ್ತು ಅಡ್ಡಕೊಯ್ತದ ಆಕಾರವನ್ನು ಹೇಳುವ ಎರಡು ಸಂಖ್ಯೆಗಳ ಗುಣಲಬ್ಧದ 48 ಪಟ್ಟಿನಿಂದ ಭಾಗಿಸಬೇಕು. ಘನ ಎಂದರೆ ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟಾಗುತ್ತದೆ ಎಂದರ್ಥ.

ಎಂಜಿನಿಯರಿಂಗ್ ತರಗತಿಯಲ್ಲಿ ಈ ಸೂತ್ರ ಪಾಠದ ಕೊನೆಗೆ ಬರುತ್ತದೆ. ತೊಲೆಯ ಒಂದು ಕಿರುಚೂರನ್ನು ಕಲ್ಪಿಸಿಕೊಂಡು, ಅದರ ಮೇಲಿನ ಬಲಗಳನ್ನು ಬರೆದು, ಅವಕಲ ಸಮೀಕರಣ ಕಟ್ಟಿ, ಎರಡು ಸಲ ಸಮಾಕಲಿಸಿ, ಗೋಡೆಯ ಬಳಿ ಬಾಗು ಸೊನ್ನೆ ಎಂಬ ಷರತ್ತನ್ನು ಹಾಕಿದಾಗ ಸೂತ್ರ ಹುಟ್ಟುತ್ತದೆ. ಆ ಘನ, ಆ 48 ಎಲ್ಲಿಂದ ಬಂದವೆಂದು ವಿದ್ಯಾರ್ಥಿ ಪರೀಕ್ಷೆಯಲ್ಲಿ ತೋರಿಸಬೇಕು. ನಾಳೆ ಭಾರ ನಡುವಿನಲ್ಲಿ ಇರದಿದ್ದರೆ, ತೊಲೆಯ ದಪ್ಪ ಒಂದೇ ಸಮ ಇರದಿದ್ದರೆ, ಪುಸ್ತಕದಲ್ಲಿ ಸೂತ್ರವಿಲ್ಲದಿದ್ದರೂ ಅವನು ತಾನೇ ಹೊಸದನ್ನು ಕಟ್ಟಬಲ್ಲ. ಇದು ಆ ಓದಿನ ಲಾಭ. ಇದಕ್ಕಾಗಿ ಅವನು ಪಡುವ ಪಾಡು ಎಂದರೆ, ಮೊದಲ ಎರಡು ವರ್ಷ ಬಹುಪಾಲು ಕಾಗದದ ಮೇಲೆಯೇ ಕಳೆಯುತ್ತದೆ.

ಟೆಕ್ನಾಲಜಿ ತರಗತಿಯಲ್ಲಿ ಸೂತ್ರ ಪಾಠದ ಮೊದಲಲ್ಲಿ ಬರುತ್ತದೆ. ಅದರ ಅರ್ಥ ಹೇಳುತ್ತಾರೆ, ನಂತರ ಪ್ರಯೋಗಾಲಯಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ನಿಜವಾದ ಉಕ್ಕಿನ ಪಟ್ಟಿ ಇದೆ, ಭಾರ ಇದೆ, ಬಾಗನ್ನು ಅಳೆಯುವ ಡಯಲ್ ಗೇಜ್ ಇದೆ. ಉದ್ದ ಎರಡರಷ್ಟು ಮಾಡಿದಾಗ ಮುಳ್ಳು ನಿಜವಾಗಿಯೂ ಎಂಟರಷ್ಟು ಸರಿಯುತ್ತದೆಯೇ ಎಂದು ವಿದ್ಯಾರ್ಥಿ ಕಣ್ಣಾರೆ ನೋಡುತ್ತಾನೆ. ಎಂಟರ ಬದಲು ಏಳೂಮುಕ್ಕಾಲು ಬಂದರೆ ಏಕೆಂದು ಹುಡುಕುತ್ತಾನೆ: ಪಟ್ಟಿ ಆನಿಕೆಯ ಮೇಲೆ ಸರಿಯಾಗಿ ಕೂತಿಲ್ಲವೇ, ಗೇಜ್ ಸೊನ್ನೆಯಲ್ಲಿ ನಿಂತಿರಲಿಲ್ಲವೇ? ಬೆಸುಗೆ ಹಾಕಿದ ಜಾಗ, ಮಾರುಕಟ್ಟೆಯಲ್ಲಿ ಸಿಗುವ ಅಳತೆ, ತಯಾರಿಕೆಯಲ್ಲಿ ಬಿಡಬೇಕಾದ ಅಂತರ, ಇವೆಲ್ಲ ಅವನಿಗೆ ಮೊದಲ ವರ್ಷದಿಂದಲೇ ಪರಿಚಿತ. ಕಾರ್ಖಾನೆಯಲ್ಲಿ ದುಡಿದು ಬಂದ ಅಧ್ಯಾಪಕರು ಇಂಥ ವಿಭಾಗಗಳಲ್ಲಿ ಸಾಮಾನ್ಯ.

ಗಣಿತದ ಏಣಿಯಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿ ಸಾಮಾನ್ಯವಾಗಿ ಮೂರು ಹಂತದ ಕ್ಯಾಲ್ಕುಲಸ್ ಮತ್ತು ಅದರ ಮೇಲೆ ಅವಕಲ ಸಮೀಕರಣಗಳನ್ನು ಓದುತ್ತಾನೆ. ಅವನ ಭೌತಶಾಸ್ತ್ರವೂ ಕ್ಯಾಲ್ಕುಲಸ್ ಆಧಾರಿತ. ಟೆಕ್ನಾಲಜಿ ವಿದ್ಯಾರ್ಥಿ ಹೆಚ್ಚಿನ ಕಡೆ ಒಂದು ಅಥವಾ ಎರಡು ಹಂತದ, ಬಳಕೆಗೆ ಒತ್ತು ಕೊಟ್ಟ ಕ್ಯಾಲ್ಕುಲಸ್ ಓದುತ್ತಾನೆ. ಅವನ ಭೌತಶಾಸ್ತ್ರ ಅನೇಕ ಕಡೆ ಬೀಜಗಣಿತ ಮತ್ತು ತ್ರಿಕೋನಮಿತಿಯ ಮೇಲೆ ನಿಂತಿರುತ್ತದೆ. ಇವುಗಳಲ್ಲಿ ಒಂದು ಸುಲಭ, ಇನ್ನೊಂದು ಕಷ್ಟ ಎನ್ನಲಾರೆ. ವಾರಕ್ಕೆ ಮೂರು ಪ್ರಯೋಗಾಲಯ, ಮೂರು ವರದಿ ಎಂದರೆ ಅದೂ ಬೆವರಿಳಿಸುವ ಓದೇ.

ಮಾನ್ಯತೆಯ ನಾಲ್ಕು ಅಕ್ಷರ

ಅಮೆರಿಕದಲ್ಲಿ ಇಂಥ ಪದವಿಗಳ ಗುಣಮಟ್ಟ ಪರೀಕ್ಷಿಸಿ ಮಾನ್ಯತೆ ಕೊಡುವ ಸಂಸ್ಥೆ ಎಬೆಟ್ (ABET). 1932ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದ ಇದು ಸರ್ಕಾರದ ಇಲಾಖೆಯಲ್ಲ, ವೃತ್ತಿಸಂಘಗಳು ಸೇರಿ ನಡೆಸುವ ಸಂಸ್ಥೆ. ನಮ್ಮಲ್ಲಿ ಎನ್‌ಬಿಎ ಮಾಡುವ ಕೆಲಸಕ್ಕೆ ಇದನ್ನು ಹೋಲಿಸಬಹುದು.

ಎಬೆಟ್ ಒಳಗೆ ಬೇರೆ ಬೇರೆ ಆಯೋಗಗಳಿವೆ. ಎಂಜಿನಿಯರಿಂಗ್ ಪದವಿಗಳನ್ನು ನೋಡುವುದು ಇಎಸಿ. ಎಂಜಿನಿಯರಿಂಗ್ ಟೆಕ್ನಾಲಜಿ ಪದವಿಗಳನ್ನು ನೋಡುವುದು ಇಟಿಎಸಿ. ಇಎಸಿ ನಿಯಮದ ಪ್ರಕಾರ ಗಣಿತ ಮತ್ತು ಮೂಲವಿಜ್ಞಾನಗಳು ಸೇರಿ ಕನಿಷ್ಠ 30 ಸೆಮಿಸ್ಟರ್ ಕ್ರೆಡಿಟ್, ಎಂಜಿನಿಯರಿಂಗ್ ವಿಷಯಗಳು ಕನಿಷ್ಠ 45 ಕ್ರೆಡಿಟ್ ಇರಲೇಬೇಕು. ಇಟಿಎಸಿ ಒತ್ತು ಕೊಡುವುದು ಬಳಕೆಯ ಗಣಿತಕ್ಕೆ, ಪ್ರಯೋಗಾಲಯದ ಕೆಲಸಕ್ಕೆ. ಅದು ನಾಲ್ಕು ವರ್ಷದ ಪದವಿಗಳ ಜೊತೆಗೆ ಎರಡು ವರ್ಷದ ಅಸೋಸಿಯೇಟ್ ಪದವಿಗಳಿಗೂ ಮಾನ್ಯತೆ ಕೊಡುತ್ತದೆ.

‘ಎಬೆಟ್ ಮಾನ್ಯತೆ ಇದೆ’ ಎಂದು ಕಾಲೇಜಿನ ಕೈಪಿಡಿಯಲ್ಲಿ ಕಂಡರೆ ಅಷ್ಟಕ್ಕೇ ನಿಲ್ಲಬಾರದು. ಎರಡೂ ಬಗೆಯ ಪದವಿಗೆ ಆ ಮಾತನ್ನು ನಿಜವಾಗಿಯೇ ಹೇಳಬಹುದು. ಯಾವ ಆಯೋಗದ ಮಾನ್ಯತೆ ಎಂಬುದೇ ಪ್ರಶ್ನೆ. ಮಾನ್ಯತೆ ಇಡೀ ವಿಶ್ವವಿದ್ಯಾಲಯಕ್ಕೆ ಅಲ್ಲ, ಒಂದೊಂದು ಪದವಿಗೆ ಪ್ರತ್ಯೇಕವಾಗಿ ಸಿಗುವಂಥದ್ದು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಕಾಲೇಜು ಒಂದು, ಟೆಕ್ನಾಲಜಿ ಪದವಿಗಳನ್ನು ಕೊಡುವ ಪಾಲಿಟೆಕ್ನಿಕ್ ಇನ್ನೊಂದು. ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿಯೂ ಎರಡಕ್ಕೂ ಪ್ರತ್ಯೇಕ ಕಾಲೇಜುಗಳಿವೆ. ಟೆಕ್ಸಾಸ್ ಎ ಅಂಡ್ ಎಂನಲ್ಲಾದರೋ ಟೆಕ್ನಾಲಜಿ ವಿಭಾಗ ಎಂಜಿನಿಯರಿಂಗ್ ಕಾಲೇಜಿನ ಒಳಗೇ ಇದೆ. ಹಾಗಾಗಿ ಹೊರಗಿನ ಫಲಕ ನೋಡಿ ತೀರ್ಮಾನಿಸುವಂತಿಲ್ಲ. ಎಬೆಟ್ ಜಾಲತಾಣದಲ್ಲಿ ಕಾಲೇಜಿನ ಹೆಸರು ಹಾಕಿ ಹುಡುಕಿದರೆ ಪ್ರತಿ ಪದವಿಯ ಎದುರು ಆಯೋಗದ ಹೆಸರು ಕಾಣುತ್ತದೆ. ಐದು ನಿಮಿಷದ ಕೆಲಸ, ಖರ್ಚಿಲ್ಲ.

ಮುದ್ರೆ ಒತ್ತುವ ಹಕ್ಕು

ಎರಡು ಪದವಿಗಳ ನಡುವೆ ಕಾನೂನು ಗೆರೆ ಎಳೆಯುವುದು ಪರವಾನಗಿಯ ವಿಷಯದಲ್ಲಿ. ಸೇತುವೆ, ಬಹುಮಹಡಿ ಕಟ್ಟಡ, ಕುಡಿಯುವ ನೀರಿನ ಘಟಕದಂಥ ಸಾರ್ವಜನಿಕ ಕೆಲಸಗಳ ನಕ್ಷೆಗೆ ಪರವಾನಗಿ ಪಡೆದ ಎಂಜಿನಿಯರ್ ಸಹಿ ಹಾಕಿ ಮುದ್ರೆ ಒತ್ತಬೇಕು. ಅಂಥವರನ್ನು ಪಿಇ, ಅಂದರೆ ವೃತ್ತಿಪರ ಎಂಜಿನಿಯರ್ ಎನ್ನುತ್ತಾರೆ. ಈ ಕಾನೂನನ್ನು ಮೊದಲು ತಂದದ್ದು ವಯೋಮಿಂಗ್ ರಾಜ್ಯ, 1907ರಲ್ಲಿ. ತರಬೇತಿ ಇಲ್ಲದವರು ಬರೆದ ನೀರಾವರಿ ನಕ್ಷೆಗಳು ಅಲ್ಲಿನ ಅಧಿಕಾರಿಗಳನ್ನು ಕಾಡಿದ್ದವು.

ಪರವಾನಗಿಗೆ ಸಾಮಾನ್ಯ ಹಾದಿ ಹೀಗಿದೆ: ಮಾನ್ಯತೆ ಪಡೆದ ಪದವಿ, ಓದು ಮುಗಿಯುವ ಹೊತ್ತಿಗೆ ಎಫ್‌ಇ ಎಂಬ ಮೂಲಪರೀಕ್ಷೆ, ಸುಮಾರು ನಾಲ್ಕು ವರ್ಷದ ಅನುಭವ, ಕೊನೆಗೆ ಪಿಇ ಪರೀಕ್ಷೆ. ಇಎಸಿ ಮಾನ್ಯತೆಯ ಪದವಿ ಇದ್ದವರಿಗೆ ಈ ದಾರಿ ಎಲ್ಲ ರಾಜ್ಯಗಳಲ್ಲಿಯೂ ತೆರೆದಿದೆ. ಇಟಿಎಸಿ ಪದವೀಧರರಿಗೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುತ್ತದೆ. ಕೆಲವು ರಾಜ್ಯಗಳು ಹೆಚ್ಚು ವರ್ಷದ ಅನುಭವ ಕೇಳಿ ಬಿಡುತ್ತವೆ, ಕೆಲವು ಬಿಡುವುದೇ ಇಲ್ಲ. ಒಂದು ರಾಜ್ಯದಲ್ಲಿ ಪಡೆದ ಪರವಾನಗಿ ಮದುವೆಯಾಗಿಯೋ ಕೆಲಸಕ್ಕಾಗಿಯೋ ಇನ್ನೊಂದು ರಾಜ್ಯಕ್ಕೆ ಹೋದಾಗ ತಡೆಗೆ ಸಿಲುಕಬಹುದು.

ಹಾಗೆಂದು ಎಲ್ಲರಿಗೂ ಈ ಪರವಾನಗಿ ಬೇಕಿಲ್ಲ. ಕಾರು, ವಿಮಾನದ ಭಾಗ, ಚಿಪ್, ಔಷಧ ತಯಾರಿಸುವ ಕಂಪನಿಗಳ ಒಳಗೆ ಕೆಲಸ ಮಾಡುವ ಹೆಚ್ಚಿನ ಎಂಜಿನಿಯರುಗಳು ಪಿಇ ಇಲ್ಲದೆಯೇ ನಿವೃತ್ತರಾಗುತ್ತಾರೆ. ಆದ್ದರಿಂದ ಶಾಖೆಯನ್ನು ನೋಡಿ ಯೋಚಿಸಬೇಕು. ಸಿವಿಲ್, ಸ್ಟ್ರಕ್ಚರಲ್ ಕಡೆ ಮನಸ್ಸಿದ್ದರೆ ಪರವಾನಗಿಯೇ ಅನ್ನ. ಅಂಥ ಮಗುವಿಗೆ ನಾನು ಇಎಸಿ ಪದವಿಯನ್ನೇ ಹಿಡಿಯಲು ಹೇಳುತ್ತೇನೆ. ಎಲೆಕ್ಟ್ರಾನಿಕ್ಸ್ ಅಥವಾ ತಯಾರಿಕೆಯ ಕಡೆ ಒಲವಿದ್ದರೆ ಈ ಭಯ ಅಷ್ಟು ದೊಡ್ಡದಲ್ಲ.

ಅಮೆರಿಕದ ಕೇಂದ್ರ ಸರ್ಕಾರದ ಕೆಲಸಗಳಲ್ಲಿಯೂ ಒಂದು ಗೆರೆ ಇದೆ. ಎಂಜಿನಿಯರ್ ಹುದ್ದೆಗೆ ಎಂಜಿನಿಯರಿಂಗ್ ಪದವಿ ನೇರ ಅರ್ಹತೆ. ಟೆಕ್ನಾಲಜಿ ಪದವಿ ಇದ್ದವರು ಎಂಜಿನಿಯರ್ ಒಬ್ಬರ ಮೇಲ್ವಿಚಾರಣೆಯಲ್ಲಿ ಕನಿಷ್ಠ ಒಂದು ವರ್ಷದ ವೃತ್ತಿ ಅನುಭವ ತೋರಿಸಿ, ಅಥವಾ ಎಫ್‌ಇ ಪರೀಕ್ಷೆಯಂಥ ಬೇರೆ ದಾರಿಯಿಂದ, ಅಲ್ಲಿಗೆ ಬರಬಹುದು.

ಕೆಲಸ ಮತ್ತು ಸಂಬಳ

ಖಾಸಗಿ ಕಂಪನಿಗಳಲ್ಲಿ ಮೊದಲ ಕೆಲಸದ ಹೆಸರು ಎರಡೂ ಪದವಿಯವರಿಗೆ ಹೆಚ್ಚಾಗಿ ಒಂದೇ ಆಗಿರುತ್ತದೆ: ತಯಾರಿಕಾ ಎಂಜಿನಿಯರ್, ಪರೀಕ್ಷಾ ಎಂಜಿನಿಯರ್, ಗುಣಮಟ್ಟ ಎಂಜಿನಿಯರ್, ಫೀಲ್ಡ್ ಎಂಜಿನಿಯರ್. ಯಂತ್ರದ ಮುಂದೆ ನಿಂತು ಮೊದಲ ವಾರದಿಂದಲೇ ಉಪಯೋಗಕ್ಕೆ ಬರುವವರೆಂದು ಟೆಕ್ನಾಲಜಿ ಪದವೀಧರರನ್ನು ಮೆಚ್ಚುವ ಕಂಪನಿಗಳಿವೆ. ಸಂಶೋಧನೆ, ಹೊಸ ವಿನ್ಯಾಸ, ಗಣಕದಲ್ಲಿ ಮಾದರಿ ಕಟ್ಟುವ ವಿಭಾಗಗಳು ಮಾತ್ರ ಎಂಜಿನಿಯರಿಂಗ್ ಪದವಿಯನ್ನೋ ಅದರ ಮೇಲೊಂದು ಸ್ನಾತಕೋತ್ತರ ಪದವಿಯನ್ನೋ ಕೇಳುತ್ತವೆ.

ಸಂಬಳದ ಅಂಕಿಗಳನ್ನು ನೋಡುವಾಗ ಎಚ್ಚರ ಬೇಕು. ಅಮೆರಿಕದ ಕಾರ್ಮಿಕ ಅಂಕಿಅಂಶ ವಿಭಾಗ ಟೆಕ್ನಾಲಜಿಸ್ಟ್ ಮತ್ತು ಟೆಕ್ನಿಷಿಯನ್ ಇಬ್ಬರನ್ನೂ ಒಂದೇ ಗುಂಪಿಗೆ ಸೇರಿಸುತ್ತದೆ. ಆ ಗುಂಪಿನ ಸಾಮಾನ್ಯ ಅರ್ಹತೆ ಎರಡು ವರ್ಷದ ಪದವಿ. ಅದರ ಸಂಬಳ ನೋಡಿ ‘ನಾಲ್ಕು ವರ್ಷ ಓದಿ ಇಷ್ಟೇನಾ’ ಎಂದು ಎದೆಗುಂದುವುದು ತಪ್ಪು ಲೆಕ್ಕ. ನಾಲ್ಕು ವರ್ಷ ಓದಿ ಎಂಜಿನಿಯರ್ ಹೆಸರಿನ ಹುದ್ದೆಗೆ ಸೇರಿದವರು ಬೇರೆ ಸಾಲಿನಲ್ಲಿ ಎಣಿಕೆಯಾಗಿರುತ್ತಾರೆ. ಅದಕ್ಕಿಂತ ಒಳ್ಳೆಯ ಉಪಾಯ, ಅದೇ ಕಾಲೇಜಿನ ಅದೇ ವಿಭಾಗದಿಂದ ಕಳೆದ ವರ್ಷ ಹೊರಬಂದವರು ಎಲ್ಲಿಗೆ, ಯಾವ ಹುದ್ದೆಗೆ ಹೋದರೆಂದು ಕೇಳುವುದು. ಉತ್ತರ ಕೊಡಲು ತಡವರಿಸಿದರೆ ಅದೂ ಒಂದು ಮಾಹಿತಿಯೇ.

ನಡುವೆ ಮನಸ್ಸು ಬದಲಾದರೆ

ಹದಿನೆಂಟನೆಯ ವಯಸ್ಸಿನಲ್ಲಿ ಮಾಡಿದ ಆಯ್ಕೆ ಇಪ್ಪತ್ತಕ್ಕೆ ಬದಲಾಗುವುದು ಸಹಜ. ಎಂಜಿನಿಯರಿಂಗ್‌ನಿಂದ ಟೆಕ್ನಾಲಜಿಗೆ ಇಳಿಜಾರು ಇದೆ. ಓದಿದ ಗಣಿತ, ಭೌತಶಾಸ್ತ್ರ ಬಹುಪಾಲು ಎಣಿಕೆಗೆ ಬರುತ್ತದೆ. ಟೆಕ್ನಾಲಜಿಯಿಂದ ಎಂಜಿನಿಯರಿಂಗಿಗೆ ಏರು ಕಡಿದು. ಕಾರಣ ವಿಷಯಗಳ ಸರಪಳಿ. ಮೊದಲ ಹಂತದ ಕ್ಯಾಲ್ಕುಲಸ್ ಇಲ್ಲದೆ ಎರಡನೆಯದು ಇಲ್ಲ, ಅದಿಲ್ಲದೆ ಅವಕಲ ಸಮೀಕರಣ ಇಲ್ಲ, ಅದಿಲ್ಲದೆ ದ್ರವಬಲವಿಜ್ಞಾನವೂ ಕಂಪನಶಾಸ್ತ್ರವೂ ಇಲ್ಲ. ಹಾಸನದಲ್ಲಿ ಬಸ್ಸು ತಪ್ಪಿದರೆ ಸಕಲೇಶಪುರದಲ್ಲಿ ಹಿಡಿಯಬೇಕಾದ ಬಸ್ಸೂ ತಪ್ಪಿದ ಹಾಗೆ. ಬೀಜಗಣಿತ ಆಧಾರಿತ ಭೌತಶಾಸ್ತ್ರವನ್ನು ಎಂಜಿನಿಯರಿಂಗ್ ವಿಭಾಗ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೀಗಾಗಿ ಎರಡು ವರ್ಷ ಮುಗಿಸಿದವನು ಎರಡು ವರ್ಷ ಹಿಂದೆ ಹೋಗಿ ನಿಲ್ಲಬಹುದು.

ಇದೇ ತೊಡಕು ಕಮ್ಯುನಿಟಿ ಕಾಲೇಜುಗಳಲ್ಲಿ ಇನ್ನೊಂದು ರೂಪದಲ್ಲಿದೆ. ಖರ್ಚು ಉಳಿಸಲು ಮೊದಲ ಎರಡು ವರ್ಷ ಅಲ್ಲಿ ಓದಿ, ಮುಂದಿನ ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಮುಗಿಸುವ ದಾರಿ ಜಾಣತನದ್ದು. ನಮ್ಮಲ್ಲಿ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ಬಿ.ಇ.ಯ ಎರಡನೆಯ ವರ್ಷಕ್ಕೆ ಸೇರುವಂತೆಯೇ ಇದು ಕಾಣುತ್ತದೆ. ಆದರೆ ಒಂದು ಎಚ್ಚರಿಕೆ ಬೇಕು. ‘ಎಎಸ್’ ಎಂಬ ಎರಡು ವರ್ಷದ ಪದವಿಯನ್ನು ವರ್ಗಾವಣೆಗಾಗಿಯೇ ಕಟ್ಟಿರುತ್ತಾರೆ, ಅದು ಎಂಜಿನಿಯರಿಂಗ್ ಕಡೆಗೆ ಒಯ್ಯುತ್ತದೆ. ‘ಎಎಎಸ್’ ಎಂಬುದು ನೇರ ಉದ್ಯೋಗಕ್ಕಾಗಿ ಕಟ್ಟಿದ್ದು, ಅದರ ಮುಂದುವರಿಕೆ ಸಾಮಾನ್ಯವಾಗಿ ಟೆಕ್ನಾಲಜಿ ಪದವಿ. ನಡುವೆ ಇರುವ ಒಂದೇ ಒಂದು ‘ಎ’ಯನ್ನು ಗಮನಿಸದೆ ಸೇರಿದರೆ ಎರಡು ವರ್ಷದ ಕ್ರೆಡಿಟ್‌ಗಳು ಎಂಜಿನಿಯರಿಂಗ್ ಬಾಗಿಲಲ್ಲಿ ನಿಂತುಬಿಡುತ್ತವೆ.

ಸ್ನಾತಕೋತ್ತರ ಓದಿನ ಬಾಗಿಲು ಮುಚ್ಚಿಲ್ಲ. ಟೆಕ್ನಾಲಜಿ ಪದವೀಧರರಿಗೆ ಎಂಜಿನಿಯರಿಂಗ್ ಎಂ.ಎಸ್. ಸೀಟು ಕೊಡುವಾಗ ವಿಶ್ವವಿದ್ಯಾಲಯಗಳು ಅನೇಕ ಸಲ ಗಣಿತದ ಕೆಲವು ವಿಷಯಗಳನ್ನು ಮೊದಲು ಮುಗಿಸಲು ಹೇಳುತ್ತವೆ. ಹಾಗಾಗಿ, ಟೆಕ್ನಾಲಜಿ ಆರಿಸಿಕೊಂಡರೂ ಐಚ್ಛಿಕ ವಿಷಯವಾಗಿ ಮುಂದಿನ ಹಂತದ ಕ್ಯಾಲ್ಕುಲಸ್ ತೆಗೆದುಕೊಳ್ಳುವುದು ಒಳ್ಳೆಯದು. ಅದು ಬಾಗಿಲ ಸಂದಿಯಲ್ಲಿ ಕಾಲಿಟ್ಟುಕೊಂಡಂತೆ.

ಇಲ್ಲಿಂದ ಹೋಗುವವರು ಗಮನಿಸಬೇಕಾದ ಸಂಖ್ಯೆ

ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಓದಿನ ನಂತರ ಒಪಿಟಿ ಎಂಬ ಹೆಸರಿನಲ್ಲಿ 12 ತಿಂಗಳು ಕೆಲಸ ಮಾಡಲು ಅವಕಾಶವಿದೆ. ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತಗಳ ಪಟ್ಟಿಯಲ್ಲಿರುವ ಪದವಿಯಾದರೆ ಇನ್ನೂ 24 ತಿಂಗಳು ಸೇರುತ್ತದೆ. ಆ ಪಟ್ಟಿ ಪದವಿಯ ಹೆಸರನ್ನು ನೋಡುವುದಿಲ್ಲ, ಸಿಐಪಿ ಎಂಬ ಸಂಕೇತಸಂಖ್ಯೆಯನ್ನು ನೋಡುತ್ತದೆ. ಎಂಜಿನಿಯರಿಂಗ್ ಪದವಿಗಳ ಸಂಕೇತ 14ರಿಂದ ಆರಂಭವಾಗುತ್ತದೆ, ಎಂಜಿನಿಯರಿಂಗ್ ಟೆಕ್ನಾಲಜಿಯದ್ದು 15ರಿಂದ. 14ರ ಸಾಲು ಇಡಿಯಾಗಿ ಸ್ಟೆಮ್ ಪಟ್ಟಿಯಲ್ಲಿದೆ. 15ರ ಸಾಲಿನಲ್ಲಿ ಅನೇಕ ಪದವಿಗಳಿವೆ, ಆದರೆ ಒಂದೊಂದನ್ನೂ ಹುಡುಕಿ ಖಚಿತ ಮಾಡಿಕೊಳ್ಳಬೇಕು. ಪ್ರವೇಶದ ಜೊತೆ ಬರುವ ಐ-20 ಪತ್ರದಲ್ಲಿ ಈ ಸಂಖ್ಯೆ ಇರುತ್ತದೆ. ಹಣ ಕಟ್ಟುವ ಮುಂಚೆಯೇ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಬರೆದು ಕೇಳಬಹುದು.

ದೇಶದಿಂದ ದೇಶಕ್ಕೆ ಪದವಿಯ ಬೆಲೆ ಒಪ್ಪಿಕೊಳ್ಳಲು ಮೂರು ಒಪ್ಪಂದಗಳಿವೆ. ಎಂಜಿನಿಯರಿಂಗ್ ಪದವಿಗಳಿಗೆ 1989ರ ವಾಷಿಂಗ್ಟನ್ ಒಪ್ಪಂದ, ಟೆಕ್ನಾಲಜಿ ಪದವಿಗಳಿಗೆ 2001ರ ಸಿಡ್ನಿ ಒಪ್ಪಂದ, ಟೆಕ್ನಿಷಿಯನ್ ಮಟ್ಟಕ್ಕೆ 2002ರ ಡಬ್ಲಿನ್ ಒಪ್ಪಂದ. ಕೊಳವೆಬಾವಿಯ ಬಳಿ ಕಂಡ ಅದೇ ಮೂವರು ಇಲ್ಲಿ ಮತ್ತೆ ಕಾಣುತ್ತಾರೆ. ಭಾರತ 2014ರ ಜೂನ್‌ನಲ್ಲಿ ಎನ್‌ಬಿಎ ಮೂಲಕ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಯಿತು. ಅಮೆರಿಕದಲ್ಲಿ ಟೆಕ್ನಾಲಜಿ ಪದವಿ ಪಡೆದು ಊರಿಗೆ ಮರಳಿ ಸರ್ಕಾರಿ ಹುದ್ದೆಗೋ ಎಂ.ಟೆಕ್‌ಗೋ ಪ್ರಯತ್ನಿಸುವ ಯೋಚನೆ ಇದ್ದರೆ, ಬಿ.ಇ./ಬಿ.ಟೆಕ್‌ಗೆ ಅದು ಸಮಾನವೆಂದು ಒಪ್ಪುತ್ತಾರೆಯೇ ಎಂಬುದನ್ನು ಹೊರಡುವ ಮುಂಚೆಯೇ ಬರಹದಲ್ಲಿ ತಿಳಿದುಕೊಳ್ಳಬೇಕು.

ಯಾರಿಗೆ ಯಾವುದು

ಗಣಿತದ ಲೆಕ್ಕ ಬಿಡಿಸಿದಾಗ ಉತ್ತರಕ್ಕಿಂತ ಉತ್ತರ ಹೀಗೇ ಏಕೆ ಬಂತೆಂಬ ಕಡೆ ಮನಸ್ಸು ಹರಿಯುವ ಮಗು, ಪಿಎಚ್‌ಡಿ, ಸಂಶೋಧನೆ, ಸಿವಿಲ್ ಪರವಾನಗಿ ಇವುಗಳಲ್ಲಿ ಯಾವುದನ್ನೇ ಆದರೂ ದೂರದಲ್ಲಿ ಕಾಣುತ್ತಿರುವ ಮಗು ಎಂಜಿನಿಯರಿಂಗ್ ಓದಲಿ. ಕೆಟ್ಟ ಮಿಕ್ಸಿಯನ್ನು ಬಿಚ್ಚದೆ ಎಸೆಯಲು ಬಿಡದ, ಕೈಯಲ್ಲಿ ಹಿಡಿದಾಗಲೇ ತಿಳಿವಳಿಕೆ ಮೂಡುವ ಮಗು ಟೆಕ್ನಾಲಜಿಯಲ್ಲಿ ಅರಳುತ್ತದೆ. ಅಂಥ ಎಷ್ಟೋ ಮಕ್ಕಳು ಎಂಜಿನಿಯರಿಂಗಿನ ಮೊದಲ ಎರಡು ವರ್ಷದ ಕಾಗದದ ಕಾಡಿನಲ್ಲಿ ಹುರುಪು ಕಳೆದುಕೊಳ್ಳುತ್ತಾರೆ. ಗಣಿತದ ಭಯವೊಂದೇ ಕಾರಣಕ್ಕೆ ಟೆಕ್ನಾಲಜಿಗೆ ಹೋಗುವುದನ್ನು ಮಾತ್ರ ನಾನು ಒಪ್ಪಲಾರೆ. ಪಾಠ ಹೇಳುವವರು ಬದಲಾದರೆ ಆ ಭಯ ಹೋಗಿಬಿಡಬಹುದು. ದೊಡ್ಡವರಿಗೆ ಇದು ಗೊತ್ತು, ಹದಿನೆಂಟರ ಮಕ್ಕಳಿಗೆ ಗೊತ್ತಿರುವುದಿಲ್ಲ.

ತಂಗಿಗೆ ನಾನು ಹೇಳಿದ್ದು ಎರಡೇ ಕೆಲಸ: ಎರಡೂ ಕಾಲೇಜುಗಳ ನಾಲ್ಕು ವರ್ಷದ ವಿಷಯಪಟ್ಟಿಯನ್ನು ಮುದ್ರಿಸಿ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಡು, ಮತ್ತು ಮಗಳ ಕೈಗೆ ಪೆನ್ಸಿಲ್ ಕೊಟ್ಟು ಆಸೆ ಹುಟ್ಟಿಸುವ ವಿಷಯಗಳಿಗೆ ಗುರುತು ಹಾಕಲು ಹೇಳು. ತಂಗಿಯ ಮಗಳು ಆ ರಾತ್ರಿ ಗುರುತು ಹಾಕಿದ್ದರಲ್ಲಿ ಹೆಚ್ಚಿನವು ಟೆಕ್ನಾಲಜಿಯ ಪಟ್ಟಿಯಲ್ಲಿದ್ದವು: ರೋಬೊ ನಿಯಂತ್ರಣ, ಅಳತೆಶಾಸ್ತ್ರ, ತಯಾರಿಕಾ ಪ್ರಯೋಗಾಲಯ. ಮರುದಿನ ಅವಳೇ ಕುಳಿತು ಎಬೆಟ್ ಪುಟದಲ್ಲಿ ಆ ಪದವಿಯ ಎದುರು ಇಟಿಎಸಿ ಎಂದಿರುವುದನ್ನು ಕಂಡಳು, ತಾನು ಇರಬೇಕೆಂದುಕೊಂಡ ರಾಜ್ಯದ ಪರವಾನಗಿ ನಿಯಮವನ್ನು ಓದಿದಳು, ಮೂರನೆಯ ಹಂತದ ಕ್ಯಾಲ್ಕುಲಸ್ ಅನ್ನು ಹೆಚ್ಚುವರಿಯಾಗಿ ತೆಗೆದುಕೊಳ್ಳಲು ಬಿಡುವಿರಾ ಎಂದು ವಿಭಾಗಕ್ಕೆ ಪತ್ರ ಬರೆದಳು. ಒಪ್ಪಿಗೆ ಬಂದ ಮೇಲೆಯೇ ಮುಂಗಡ ಕಟ್ಟಿದಳು.